ಮೂರನೆಯ ಕೂಗು ಬರಲೇ ಇಲ್ಲ

ಈ ಮುದಿ ದೇಹದಲ್ಲಿ ಇನ್ನೂ ಉಸಿರನ್ನು ಉಳಿಸಿರುವ ಪರಮಾತ್ಮನಿಗೆ, ನಮ್ಮ ಸೀಮೆಯನ್ನು ಕಾಯುವ ತಾಯಿ ಕೋಲಾರಮ್ಮನಿಗೆ, ಎಳವೆಯಲ್ಲೇ ಅಕ್ಷರವನ್ನೂ ಸ್ತೋತ್ರಗಳನ್ನೂ ನಾಲಿಗೆಗೆ ಕೂರಿಸಿದ ನನ್ನ ತಂದೆಯವರಿಗೆ, ಸೊಸೆಯಾಗಿ ಬಂದವಳನ್ನು ಮಗಳಂತೆ ತಿದ್ದಿದ ನನ್ನ ಅತ್ತೆಯವರಿಗೆ ಮೊದಲು ಕೈ ಮುಗಿಯುತ್ತೇನೆ. ಆಮೇಲೆ ನಾಲ್ಕು ಕಾಲಿನ ಒಂದು ಜೀವಕ್ಕೂ. ಆ ರಾತ್ರಿ ನನ್ನನ್ನು ನಡೆಸಿಕೊಂಡು ಹೋದದ್ದು ಇವರಲ್ಲಿ ಯಾರೆಂಬುದು ನನಗೆ ಇಂದಿಗೂ ತಿಳಿಯದು. ತಿಳಿಯದ ಕಾರಣದಿಂದಲೇ ಯಾರನ್ನೂ ಬಿಡದೆ ನಮಸ್ಕರಿಸುತ್ತಿದ್ದೇನೆ.

ಇದು ಕಟ್ಟಿದ ಕಥೆಯಲ್ಲ. ಎಪ್ಪತ್ತೆರಡು ವರ್ಷದ ನಾನು, ದಿನವೂ ದೇವರ ಮುಂದೆ ದೀಪ ಹಚ್ಚುವ ಕೈಯಿಂದ ಇದನ್ನು ಬರೆಯುತ್ತಿದ್ದೇನೆ. ನಂಬುವುದೂ ಬಿಡುವುದೂ ಓದುವವರಿಗೆ ಸೇರಿದ್ದು. ನಡೆದದ್ದು ಮಾತ್ರ ನಡೆದೇ ಇದೆ.

ಬೈರಕೂರಿನಿಂದ ಸ್ವಲ್ಪ ಒಳಗೆ, ಊರಿಗೆ ಕೂಗು ಕೇಳಿಸದಷ್ಟು ದೂರದಲ್ಲಿ ನಮ್ಮ ತೋಟದ ಮನೆ. ಮನೆಯ ಹಿಂದೆ ಮಾವಿನ ಸಾಲು. ಅದು ಮುಗಿದಲ್ಲಿ ಟೊಮೆಟೊ ಹೊಲ. ಹೊಲದ ತಲೆಯಲ್ಲಿ ಕೃಷಿಹೊಂಡ. ಮನೆಯಲ್ಲಿ ನಾನು, ಮಗ ನಾಗರಾಜ, ಸೊಸೆ ಮಂಜುಳಾ. ಮೊಮ್ಮಗಳು ಸಿಂಧು ಕೋಲಾರದ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳು ಚಿಕ್ಕವಳಿದ್ದಾಗ ಸಂತೆಯ ಬೀದಿಯಿಂದ ಎತ್ತಿಕೊಂಡು ಬಂದ ಕಂದು ಬಣ್ಣದ ನಾಯಿಗೆ ಜಾಕಿ ಎಂದು ಹೆಸರಿಟ್ಟಳು. ನನ್ನ ನಾಲಿಗೆಗೆ ಆ ಹೆಸರು ಬರಿದಾಗಿ ತೋರಿದ್ದರಿಂದ ನಾನು ಜಾಕಪ್ಪ ಎನ್ನುತ್ತಿದ್ದೆ. ಅವಳು ಹಾಸ್ಟೆಲಿಗೆ ಹೋದ ಮೇಲೆ ಅವನು ನನ್ನ ಮಂಚದ ಕಾಲ್ದೆಸೆಯನ್ನೇ ತನ್ನ ಮನೆ ಮಾಡಿಕೊಂಡ.

ನಮ್ಮ ಮನೆಯ ಒಂದು ನಡೆಯನ್ನು ಇಲ್ಲಿ ಹೇಳಲೇಬೇಕು. ಕತ್ತಲಾದ ಮೇಲೆ ಹೊರಗಿನಿಂದ ಯಾರಾದರೂ ಕರೆದರೆ ಮೂರನೆಯ ಸಲದವರೆಗೆ ಓಗೊಡಬಾರದು, ಬಾಗಿಲನ್ನೂ ತೆರೆಯಬಾರದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಮನುಷ್ಯರಲ್ಲದ್ದು ಎರಡಕ್ಕೇ ನಿಲ್ಲುತ್ತದೆ. ನಾನು ಈ ಮನೆಗೆ ಬಂದ ಮೊದಲ ರಾತ್ರಿಯೇ ಅತ್ತೆಯವರು ನನ್ನನ್ನು ಹೊಸ್ತಿಲ ಒಳಗೆ ಕೂರಿಸಿಕೊಂಡು ಹೇಳಿದ ಮಾತಿದು. ಐವತ್ತು ವರ್ಷಗಳಿಗೂ ಮೀರಿ ನಾನದನ್ನು ತಪ್ಪಿರಲಿಲ್ಲ. ನಾಗರಾಜ ತಡವಾಗಿ ಬಂದರೆ ಬಾಗಿಲಲ್ಲಿ ನಿಂತು ಮೂರು ಸಲ "ಅಮ್ಮಾ" ಎನ್ನುತ್ತಾನೆ. ಗಡಿಯಾಚೆಯ ತೆಲುಗು ಸೀಮೆಯಿಂದ ಬಂದ ಮಂಜುಳಾ ಕೂಡ ನಗುನಗುತ್ತಲೇ ಇದನ್ನು ಪಾಲಿಸುತ್ತಿದ್ದಳು.

"ಸೆಲ್‌ಫೋನು ಮೂವತ್ತು ಸಲ ಹೊಡ್ಕೊಂಡ್ರೂ ನೀವು ಎತ್ತಲ್ಲ. ನಮಗಾದ್ರೂ ಮೂರಕ್ಕೇ ಬಾಗಿಲು ತೆಗೀತೀರ, ಪುಣ್ಯ!" ಎಂದು ಕೆಣಕುತ್ತಿದ್ದಳು.

ಅಂದು ಮಾಘದ ಚಳಿ. ನಾಗರಾಜ ಖಾಲಿ ಕ್ರೇಟುಗಳನ್ನು ತರಲೆಂದು ಟೆಂಪೋ ತೆಗೆದುಕೊಂಡು ನಂಗಲಿಗೆ ಹೋಗಿದ್ದ. ದೀಪ ಹಚ್ಚಿ, ಜಾಕಪ್ಪನ ಬಟ್ಟಲಿಗೆ ನಾನು ಹಾಲು ಸುರಿಯುತ್ತಿದ್ದೆ.

"ಏನತ್ತಮ್ಮಾ, ಸೊಸೆ ಕಾಫಿ ಅಂದ್ರೆ ಹಾಲಿಲ್ಲ ಅಂತೀರ. ಜಾಕಪ್ಪನೋರಿಗೆ ಮಾತ್ರ ಬಟ್ಲು ತುಂಬ!"

"ಅವನು ಎದುರು ಮಾತಾಡಲ್ಲ ಕಣೇ, ಅದಕ್ಕೆ."

"ಹಂಗಾದ್ರೆ ಮೋಟಾರ್ ಹಾಕೋಕೂ ಅವನ್ನೇ ಕಳಿಸಿ. ತ್ರೀ ಫೇಸ್ ಕರೆಂಟ್ ಬರೋ ಹೊತ್ತಾಯ್ತು."

ಅವಳು ಸ್ವೆಟರ್ ತೊಟ್ಟು, ಫೋನಿನ ಬೆಳಕು ಹಾಕಿಕೊಂಡು ಹೊರಟಳು. ಜಾಕಪ್ಪ ಹಾಲನ್ನು ಅರ್ಧಕ್ಕೆ ಬಿಟ್ಟು ಅವಳ ಹಿಂದೆಯೇ ಓಡಿದ. ಅವನು ಹೋದುದನ್ನು ನಾನು ಕಣ್ಣಾರೆ ಕಂಡೆ. ಬಾಗಿಲಿಗೆ ಅಗುಳಿ ಹಾಕಿದೆ.

ಮಂಚದ ಮೇಲೆ ಕುಳಿತು ಜಪಮಾಲೆ ಹಿಡಿದೆ. ದೂರದಲ್ಲಿ ಮೋಟಾರು ಗುಂಯ್ ಎಂದಿತು. ಹೊಂಡಕ್ಕೆ ನೀರು ಸುರಿಯುವ ಸದ್ದು ಮಾವಿನ ಸಾಲನ್ನು ದಾಟಿ ಸಣ್ಣಗೆ ಬರುತ್ತಿತ್ತು. ಒಂದು ಸುತ್ತು ಜಪ ಮುಗಿಯಿತು. ಎರಡನೆಯದೂ ಮುಗಿಯುತ್ತ ಬಂತು. ಮಂಜುಳಾ ಬರಲಿಲ್ಲ. ಕೊಳವೆ ತಿರುಗಿಸುತ್ತಿರಬೇಕು ಎಂದುಕೊಂಡೆ...

ಅಷ್ಟರಲ್ಲಿ ಉಗುರುಗಳ ಸದ್ದು. ಟಕ್... ಟಕ್... ಟಕ್... ಜಾಕಪ್ಪ ನೆಲದ ಮೇಲೆ ನಡೆಯುವ ಸದ್ದೇ. ಅವನು ನನ್ನ ಕಾಲ್ದೆಸೆಗೆ ಬಂದು, ಎಂದಿನಂತೆ ಒಂದು ನಿಟ್ಟುಸಿರು ಬಿಟ್ಟು ಮಲಗಿದ. ಅವನ ಬೆನ್ನಿನ ಭಾರ ನನ್ನ ಪಾದಕ್ಕೆ ತಾಗಿತು. ಕೈ ಚಾಚಿ ಸವರಿದೆ. ಒಣಗಿದ, ತಣ್ಣನೆಯ ಕೂದಲು. ಆದರೆ ಅದರಿಂದ ಪಾಚಿಯ ವಾಸನೆ ಬರುತ್ತಿತ್ತು. ಬಹಳ ದಿನ ನಿಂತ ನೀರಿನ ವಾಸನೆ.

"ಎಲ್ಲಿ ಹೊರಳಾಡಿ ಬಂದ್ಯೋ?" ಎಂದೆ.

ಅಗುಳಿ ಹಾಕಿದ ಬಾಗಿಲಿನಿಂದ ಅವನು ಒಳಗೆ ಬಂದುದು ಹೇಗೆ ಎಂಬ ಪ್ರಶ್ನೆ ಆಗ ನನಗೆ ಹೊಳೆಯಲೇ ಇಲ್ಲ. ನನ್ನ ಮನಸ್ಸು ನಾಮದಲ್ಲಿತ್ತು.

ಆಗ ಬಂತು ಮೊದಲ ಕೂಗು.

"ಅತ್ತಮ್ಮಾ..."

ಮಂಜುಳೆಯ ದನಿ. ಬಾಗಿಲಿನ ಹಲಗೆಗೆ ಬಾಯಿಟ್ಟು ಕರೆದಂತೆ ಅಷ್ಟು ಹತ್ತಿರ. ಆದರೆ ಅವಳ ಎಂದಿನ ಗಡಸು ಅದರಲ್ಲಿರಲಿಲ್ಲ. ನಿದ್ದೆಯಲ್ಲಿ ಮಾತನಾಡುವವರ ಹಾಗೆ...

ಮಾಲೆಯ ಮಣಿಯನ್ನು ಬೆರಳಲ್ಲಿ ಒತ್ತಿ ಹಿಡಿದೆ. ಕಾದೆ.

"ಅತ್ತಮ್ಮಾ..."

ಎರಡು.

ಇನ್ನೊಂದು ಕರೆಯಲಿ, ಎದ್ದು ತೆರೆಯುತ್ತೇನೆ ಎಂದು ಒಂದು ಕಾಲನ್ನು ಮಂಚದಿಂದ ಇಳಿಸಿಯೂ ಆಗಿತ್ತು. ಮೂರನೆಯ ಕೂಗು ಬರಲಿಲ್ಲ. ಮೋಟಾರಿನ ಗುಂಯ್ ಮಾತ್ರ. ನೀರು ಸುರಿಯುವ ಸದ್ದು ಮಾತ್ರ. ಜಾಕಪ್ಪನ ಕಡೆ ನೋಡಿದೆ. ಊರಾಚೆ ಯಾರ ಹೆಜ್ಜೆ ಸಪ್ಪಳವಾದರೂ ಬೊಗಳುವ ನಾಯಿ, ಬಾಗಿಲಲ್ಲಿ ದನಿ ಕೇಳಿದರೂ ಕಿವಿಯನ್ನು ನಿಮಿರಿಸಿರಲಿಲ್ಲ. ಅಲ್ಲಿಗೆ ನನಗೆ ನಿಶ್ಚಯವಾಯಿತು. ಹೊರಗಿರುವುದು ಮನುಷ್ಯರಲ್ಲ. ನಿಜವಾಗಿ ಮಂಜುಳೆಯೇ ಆಗಿದ್ದರೆ ಅವಳಿಗೆ ಮನೆಯ ನಡೆ ಗೊತ್ತು, ಮೂರು ಸಲ ಕರೆದೇ ಕರೆಯುತ್ತಿದ್ದಳು. ನಾನು ಇಳಿಸಿದ ಕಾಲನ್ನು ಮತ್ತೆ ಮೇಲಕ್ಕೆಳೆದುಕೊಂಡು, ಅತ್ತೆಯವರನ್ನು ನೆನೆದು, ಕಣ್ಣು ಮುಚ್ಚಿ ಜಪ ಮುಂದುವರಿಸಿದೆ.

ಎಷ್ಟು ಹೊತ್ತು ಹಾಗೆ ಕುಳಿತಿದ್ದೆ? ಅರ್ಧ ಮಾಲೆ ತಿರುಗಿರಬಹುದು. ಆ ಅರ್ಧ ಮಾಲೆಗೆ ದೇವರು ನನ್ನನ್ನು ಕ್ಷಮಿಸಲಿ.

ಪಾದದ ಮೇಲಿನ ಭಾರ ಎದ್ದಿತು. ನನ್ನ ಸೆರಗು ಒಮ್ಮೆ ಜಗ್ಗಿತು.

"ಸುಮ್ನಿರೋ..." ಎಂದೆ.

ಮತ್ತೆ ಜಗ್ಗಿತು. ಈ ಸಲ ಬಲವಾಗಿ. ಮಾಲೆ ಕೈಯಿಂದ ಜಾರಿ ಬಿತ್ತು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಉಸಿರೂ ಕೇಳಿಸಲಿಲ್ಲ. ಎಳೆತ ಮಾತ್ರ ಬಿಡಲಿಲ್ಲ. ನನ್ನನ್ನು ಬಾಗಿಲವರೆಗೆ ತಂದು ನಿಲ್ಲಿಸಿತು.

"ಹೊರಗೆ ಬೇಡ ಕಣಪ್ಪಾ... ಮೂರು ಆಗಿಲ್ಲ..." ನನ್ನ ದನಿ ನನಗೇ ಅಪರಿಚಿತವಾಗಿತ್ತು.

ಸೆರಗು ಬಿಗಿಯಿತು. ಆಗ, ಐವತ್ತು ವರ್ಷ ಪಾಲಿಸಿದ್ದನ್ನು ಮುರಿದು ಅಗುಳಿ ತೆಗೆದೆ.

ಬಾಗಿಲಲ್ಲಿ ಯಾರೂ ಇರಲಿಲ್ಲ.

ಕತ್ತಲು ದಟ್ಟವಾಗಿತ್ತು. ನನ್ನ ಬಲಗಣ್ಣಿಗೆ ಪೊರೆ ಬಂದಿದೆ. ಎಡಗಣ್ಣಿಗೂ ರಾತ್ರಿ ಅಷ್ಟಕ್ಕಷ್ಟೆ. ಸೆರಗಿನ ಎಳೆತವೇ ದಾರಿಯಾಯಿತು. ಒಣಗಿದ ಮಾವಿನೆಲೆಗಳ ಮೇಲೆ ನನ್ನ ಹೆಜ್ಜೆ ಸರಸರ ಎನ್ನುತ್ತಿತ್ತು. ಒಬ್ಬಳ ಹೆಜ್ಜೆಯ ಸದ್ದು ಮಾತ್ರ...

ಹೊಂಡದ ಏರಿಯ ಮೇಲೆ ಫೋನು ಬಿದ್ದು ಉರಿಯುತ್ತಿತ್ತು. ಅದರ ಬೆಳಕು ಆಕಾಶದ ಕಡೆಗಿತ್ತು. ಬೇಲಿಯ ಗೇಟು ತೆರೆದಿತ್ತು.

ನಮ್ಮ ಕಡೆಯ ಹೊಂಡಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ನೀರು ಇಂಗದಿರಲೆಂದು ಒಳಗೆಲ್ಲ ಪ್ಲಾಸ್ಟಿಕ್ ಹಾಸಿರುತ್ತಾರೆ. ಅದಕ್ಕೆ ಪಾಚಿ ಕಟ್ಟಿದರೆ ಈಜು ಬಲ್ಲವರೂ ಹತ್ತಿ ಬರಲಾರರು. ಬೆರಳಿಗೆ ಹಿಡಿತವಿಲ್ಲ, ಕಾಲಿಗೆ ಆಸರೆಯಿಲ್ಲ. ಫೋನನ್ನೆತ್ತಿ ಕೆಳಗೆ ಬೆಳಕು ಬಿಟ್ಟೆ.

ನೀರು ಬೀಳುವ ಕೊಳವೆಯನ್ನು ಒಂದು ಕೈಯಲ್ಲಿ ಹಿಡಿದು ಮಂಜುಳಾ ಕುತ್ತಿಗೆಯವರೆಗೂ ಮುಳುಗಿದ್ದಳು. ಇನ್ನೊಂದು ಕೈಯಲ್ಲಿ ಏನನ್ನೋ ಎದೆಗೆ ಅವಚಿಕೊಂಡಿದ್ದಳು. ತುಟಿ ನೀಲಿಗಟ್ಟಿತ್ತು.

"ಮಂಜೂ!"

ಅವಳು ತಲೆಯೆತ್ತಿದಳು. ಹೆದರಿದಾಗ ಅವಳಿಗೆ ಬರುವುದು ತೆಲುಗೇ. "ಅತ್ತಮ್ಮಾ... ವಚ್ಚಿನಾರಾ..." ಬಂದಿರಾ ಎಂದು ಕೇಳಿ ಅಳತೊಡಗಿದಳು.

ಹೊಂಡದ ಪಕ್ಕದ ಕೊಟ್ಟಿಗೆಯಿಂದ ಹಸುವಿನ ಹಗ್ಗ ಬಿಚ್ಚಿ ತಂದೆ. ಒಂದು ತುದಿಯನ್ನು ಬೇಲಿಯ ಕಲ್ಲುಕಂಬಕ್ಕೆ ಸುತ್ತಿ ಗಂಟು ಹಾಕಿದೆ. ಇನ್ನೊಂದನ್ನು ಕೆಳಗೆ ಬಿಟ್ಟೆ. ಈ ಎಲ್ಲ ಹೊತ್ತೂ ನನ್ನ ಸೆರಗು ಹಿಂದಿನಿಂದ ಬಿಗಿಯಾಗಿಯೇ ಇತ್ತು. ಏರಿಯ ಅಂಚಿನಿಂದ ನಾನು ಜಾರದಂತೆ ಯಾರೋ ಹಿಡಿದುಕೊಂಡ ಹಾಗೆ.

"ಮೊದ್ಲು ಇವನ್ನ ಎಳೀರಿ ಅತ್ತಮ್ಮಾ!"

"ಯಾರನ್ನೇ? ನೀನು ಹತ್ತು ಮೊದ್ಲು!"

"ಇಲ್ಲ, ಇವನಿಗೆ ಶಕ್ತಿಯಿಲ್ಲ. ಇವನ್ನ ಬಿಟ್ಟು ನಾನು ಬರಲ್ಲ. ಎಳೀರಿ ಅಂದ್ನಲ್ಲ!"

ಎದೆಗೆ ಅವಚಿಕೊಂಡಿದ್ದುದನ್ನು ಹಗ್ಗಕ್ಕೆ ಬಿಗಿದಳು. ನಾನು ಎಳೆದೆ. ಒದ್ದೆಯಾದ, ಭಾರವಾದ, ಗಡಗಡ ನಡುಗುವ ಒಂದು ಜೀವ ಏರಿಯ ಮೇಲೆ ನನ್ನ ತೊಡೆಗೆ ಬಂದು ಬಿತ್ತು. ಕಂದು ಬಣ್ಣ. ಹರಿದ ಎಡಗಿವಿ. ಸಿಂಧು ಕಟ್ಟಿದ್ದ ಕೆಂಪು ಪಟ್ಟಿ.

ಜಾಕಪ್ಪ.

ನನ್ನ ಕೈ ಅವನ ಒದ್ದೆ ತಲೆಯ ಮೇಲೆಯೇ ನಿಂತುಬಿಟ್ಟಿತು. ಏಕೆಂದರೆ... ನನ್ನ ಸೆರಗು ಇನ್ನೂ ಬಿಗಿಯಾಗಿಯೇ ಇತ್ತು.

ನಾನು ಹಿಂದಿರುಗಿ ನೋಡಲಿಲ್ಲ. ಧೈರ್ಯವಿರಲಿಲ್ಲ ಎನ್ನುವುದು ಸತ್ಯ; ಆದರೆ ಅದಕ್ಕಿಂತ ದೊಡ್ಡ ಸತ್ಯವೆಂದರೆ ಕೆಳಗೆ ನನ್ನ ಸೊಸೆ ಇನ್ನೂ ನೀರಿನಲ್ಲಿದ್ದಳು. ನೋಡಿದರೆ ಅದು ಬಿಟ್ಟುಬಿಡುವುದೋ ಎಂಬ ಭಯ. ಹಗ್ಗವನ್ನು ಮತ್ತೆ ಇಳಿಸಿದೆ. ಅವಳು ಸೊಂಟಕ್ಕೆ ಕಟ್ಟಿಕೊಂಡಳು. ನಾನು ಕಲ್ಲುಕಂಬಕ್ಕೆ ಒರಗಿ ಎಳೆದೆ, ಅವಳು ಕೊಳವೆ ಹಿಡಿದು ಕಾಲೂರಿದಳು. ಎರಡು ಸಲ ಜಾರಿದಳು. ಆ ಎರಡು ಸಲವೂ ನನ್ನನ್ನು ಹಿಂದಕ್ಕೆಳೆದ ಬಲ ನನ್ನದಲ್ಲ.

ಅವಳ ಕೈ ಏರಿಯ ಮಣ್ಣನ್ನು ಮುಟ್ಟಿತು. ಆ ಕ್ಷಣಕ್ಕೆ ಸರಿಯಾಗಿ ಸೆರಗು ಸಡಿಲವಾಯಿತು. ಮೆಲ್ಲಗೆ, ಯಾರೋ ಜತನದಿಂದ ಕೆಳಗಿಟ್ಟಂತೆ.

ಆಗ ತಿರುಗಿದೆ. ಬೇಲಿ, ಟೊಮೆಟೊ ಸಾಲು, ಕತ್ತಲು. ಪಾಚಿಯ ವಾಸನೆ ಸ್ವಲ್ಪ ಹೊತ್ತು ಇದ್ದು ಹೋಯಿತು.

ಮನೆಗೆ ಬಂದು ಮಂಜುಳೆಗೆ ಕಂಬಳಿ ಹೊದಿಸಿ, ಒಲೆಯ ಮುಂದೆ ಕೂರಿಸಿ, ಮನೆಯಲ್ಲಿದ್ದ ಅಷ್ಟೂ ಹಾಲನ್ನು ಸುರಿದು ಕಾಫಿ ಮಾಡಿಕೊಟ್ಟೆ. ಜಾಕಪ್ಪ ಅವಳ ಮಡಿಲಲ್ಲಿ ನಡುಗುತ್ತಿದ್ದ. ಅವನು ನೀರು ಕುಡಿಯಲು ಹೋಗಿ ಜಾರಿದ್ದನಂತೆ. ಹಿಡಿಯಲು ಬಾಗಿದ ಇವಳೂ ಜಾರಿದಳು. ಮೋಟಾರು ಹಾಕಿದ ಮರುಗಳಿಗೆಯಲ್ಲೇ.

"ನಿನ್ನ ಕೂಗಿಗೆ ನಾನು ತಡವಾಗಿ ಓಗೊಟ್ಟೆ ಕಣೇ. ನೀನು ಎರಡೇ ಸಲ ಕರೆದೆ. ನಾನು ಮೂರಕ್ಕೆ ಕಾಯ್ತಾ ಕೂತೆ. ಪಾಪಿ ನಾನು" ಎಂದೆ.

ಅವಳು ಲೋಟವನ್ನು ಕೆಳಗಿಟ್ಟಳು.

"ನಾನು ಕರೀಲಿಲ್ಲ ಅತ್ತಮ್ಮಾ."

"ಏನಂದೆ?"

"ಬಾಯಿ ಬಿಟ್ರೆ ನೀರು ಬರ್ತಿತ್ತು. ಮೋಟಾರ್ ಸದ್ದಿಗೆ ಕೂಗಿದ್ರೂ ಯಾರಿಗೆ ಕೇಳತ್ತೆ? ಮನಸ್ಸಲ್ಲೇ ಅಂದ್ಕೊಂಡೆ. ಅತ್ತಮ್ಮಾ ಅಂತ. ಆಮೇಲೆ ಇನ್ನೊಂದು ಸಲ... ಮೂರು ಸಲ ಅನ್ನಬೇಕಲ್ಲ, ಇಲ್ಲದಿದ್ರೆ ನೀವು ಬರಲ್ಲ ಅಂತ ನೆನಪಾಯ್ತು. ಅನ್ನೋಷ್ಟರಲ್ಲಿ ಕೈ ಜಾರಿ ಮುಳುಗಿಬಿಟ್ಟೆ. ಹೆಂಗೋ ಮತ್ತೆ ಕೊಳವೆ ಕೈಗೆ ಸಿಕ್ತು..."

ಒಲೆಯಲ್ಲಿ ಸೌದೆ ಚಟ್ ಎಂದಿತು. ನಾವಿಬ್ಬರೂ ಬೆಚ್ಚಿದೆವು.

ಸ್ವಲ್ಪ ಹೊತ್ತಿಗೆ ನಾಗರಾಜ ಬಂದ. ಎಲ್ಲವನ್ನೂ ಕೇಳಿ ಹೆಂಡತಿಯ ತಲೆ ನೇವರಿಸಿದ. ನನ್ನ ಮಾತಿಗೆ ಮಾತ್ರ, "ಕಣ್ಣಿಗೆ ಪೊರೆ, ಗಾಬರಿ ಬೇರೆ. ಸೆರಗು ಬೇಲಿ ಮುಳ್ಳಿಗೆ ಸಿಕ್ಕಿರ್ಬೇಕಮ್ಮಾ" ಎಂದ. ಇರಬಹುದು. ಆದರೆ ಮನೆಯೊಳಗೆ ಮಂಚದ ಬಳಿ ಬೇಲಿ ಎಲ್ಲಿತ್ತು ಎಂದು ಕೇಳಿದೆ. ಅವನು ಬೆಳಗಾಗುತ್ತಲೇ ಹೊಂಡದ ನಾಲ್ಕೂ ದಿಕ್ಕಿಗೆ ಗಂಟು ಹಾಕಿದ ಹಗ್ಗಗಳನ್ನು ಇಳಿಬಿಟ್ಟು, ಗೇಟಿಗೆ ಬೀಗ ಹಾಕಿ ಬಂದ.

ಜಾಕಪ್ಪ ಅಂದಿನಿಂದ ನನ್ನ ಕಾಲ್ದೆಸೆಯಲ್ಲಿ ಮಲಗುವುದಿಲ್ಲ. ಎಷ್ಟು ಕರೆದರೂ ಕೋಣೆಯ ಹೊಸ್ತಿಲಲ್ಲೇ ನಿಂತು ಆ ಜಾಗವನ್ನು ನೋಡುತ್ತಾನೆ. ಬೊಗಳುವುದಿಲ್ಲ. ಬಾಲವನ್ನು ಒಮ್ಮೆ ಅಲ್ಲಾಡಿಸಿ, ಮಂಜುಳೆಯ ಬಳಿಗೆ ಹೋಗಿ ಮಲಗುತ್ತಾನೆ.

ನಾನು ಅತ್ತೆಯವರ ನಡೆಯನ್ನು ಬಿಟ್ಟಿದ್ದೇನೆ. ಅವರ ಚಿತ್ರದ ಮುಂದೆ ನಿಂತು ಕ್ಷಮೆ ಕೇಳಿಯೇ ಬಿಟ್ಟೆ. ಈಗ ಮೊದಲ ಕರೆಗೇ "ಬಂದೆ" ಎನ್ನುತ್ತೇನೆ, ಬಾಗಿಲು ತೆರೆಯುತ್ತೇನೆ. ಇನ್ನೊಮ್ಮೆ ನನ್ನವರು ಯಾರೂ ನನ್ನ ಅರ್ಧ ಮಾಲೆಯ ಹೊತ್ತು ನೀರಿನಲ್ಲಿ ಕಾಯಬಾರದು.

ಆದರೆ ಒಂದನ್ನು ಮುಚ್ಚಿಡದೆ ಹೇಳಬೇಕು. ಕೆಲವು ರಾತ್ರಿ, ಮಗ ಸೊಸೆ ಇಬ್ಬರೂ ಒಳಗೆ ಮಲಗಿರುವಾಗಲೇ, ಹೊರಗಿನಿಂದ ಒಂದು ದನಿ ಕರೆಯುತ್ತದೆ. ನಾನು "ಬಂದೆ" ಎಂದು ತೆರೆಯುತ್ತೇನೆ. ಯಾರೂ ಇರುವುದಿಲ್ಲ. ತಣ್ಣನೆಯ ಗಾಳಿ ನನ್ನನ್ನು ದಾಟಿ ಒಳಗೆ ಹೋಗುತ್ತದೆ. ಅದು ಆ ರಾತ್ರಿ ಬಂದದ್ದೋ, ಅತ್ತೆಯವರು ಯಾವುದಕ್ಕೆ ಹೆದರಿ ಬಾಗಿಲು ಹಾಕಿಸಿದ್ದರೋ ಅದೋ... ನನಗೆ ತಿಳಿಯದು. ಆದರೂ ತೆರೆಯದೆ ಇರಲಾರೆ.

ನೀರಿನಲ್ಲಿ ತನಗಿಂತ ಮೊದಲು ನಾಯಿಯ ಜೀವವನ್ನು ಮೇಲಕ್ಕೆ ಕಳಿಸಿದ ನನ್ನ ಮಂಜುಳೆಗೆ ದೀರ್ಘ ಸೌಮಂಗಲ್ಯವಿರಲಿ. ನಾಗರಾಜನಿಗೆ ಆಯುಷ್ಯವೂ ಸಿಂಧುವಿಗೆ ವಿದ್ಯೆಯೂ ಕೈಗೂಡಲಿ. ಜಾಕಪ್ಪನ ಮುಪ್ಪು ನೋವಿಲ್ಲದೆ ಕಳೆಯಲಿ. ಹಗ್ಗ ಬಿಚ್ಚಿಸಿಕೊಂಡು ರಾತ್ರಿಯೆಲ್ಲ ಕಟ್ಟಿಲ್ಲದೆಯೂ ನಿಂತ ಹಸುವಿಗೆ ಮೇವು ತಪ್ಪದಿರಲಿ. ಮತ್ತು ನನ್ನ ಸೆರಗನ್ನು ಹಿಡಿದಿದ್ದುದು ಯಾರೇ ಆಗಿರಲಿ, ಏನೇ ಆಗಿರಲಿ, ಅದಕ್ಕೂ ಒಂದು ನೆಲೆ ಸಿಗಲಿ, ಶಾಂತಿ ಸಿಗಲಿ.