ದುಬೈಯಲ್ಲಿ ತೊಟ್ಟಿಲು ಕಟ್ಟಿದ್ದು

ದುಬೈ ಹೇಗಿದೆ ಎಂದು ಕೇಳಿದವರಿಗೆಲ್ಲ ನಾನು ನನ್ನ ಮೊಮ್ಮಗಳ ಮೂಗಿನ ವಿಷಯ ಹೇಳುತ್ತೇನೆ. ಮೂಗು ನನ್ನದೇ, ಅಚ್ಚು ಹೊಡೆದ ಹಾಗಿದೆ. ಊರಿನ ವಿಷಯ ಆಮೇಲೆ ಹೇಳುತ್ತೇನೆ, ಅದು ನನಗೇ ಇನ್ನೂ ಸರಿಯಾಗಿ ತಿಳಿದಿಲ್ಲ.

ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೇವೆ. ಅಳಿಯಂದಿರು ದುಬೈಯಲ್ಲಿ ಎ.ಸಿ. ರಿಪೇರಿ ಕೆಲಸ ಮಾಡುತ್ತಾರೆ. ಚೊಚ್ಚಲ ಹೆರಿಗೆಗೆ ಮಗಳು ಕುರುಗೋಡಿಗೆ ಬರಬೇಕಿತ್ತು. ಬಿ.ಪಿ. ಏರಿತು, ವಿಮಾನ ಹತ್ತಬೇಡ ಎಂದುಬಿಟ್ಟರು ಡಾಕ್ಟರು. ಹಾಗಾಗಿ ತವರುಮನೆಯೇ ವಿಮಾನ ಹತ್ತಿತು. ಆ ವರ್ಷದ ಮೆಣಸಿನಕಾಯಿ ದುಡ್ಡಿನಲ್ಲಿ ಒಬ್ಬರ ಟಿಕೆಟ್ ಆಯಿತು. ನಮ್ಮ ಮನೆಯವರು ಎಮ್ಮೆ ನೋಡಿಕೊಂಡು ಊರಲ್ಲೇ ಉಳಿದರು. ನನ್ನ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಪುಡಿ, ಬಾಣಂತಿಗೆ ಅಂಟಿನ ಉಂಡೆ, ನನ್ನದೊಂದು ಹಳೆಯ ಮೆತ್ತನೆ ಸೀರೆ, ತೊಟ್ಟಿಲ ಹಗ್ಗ.

ನಮ್ಮಲ್ಲಿ ಕೂಸನ್ನು ತೂಗುವ ತೊಟ್ಟಿಲಲ್ಲಿ ಹಾಕಿ, ಸೋದರತ್ತೆ ಕಿವಿಯಲ್ಲಿ ಕೂಗಬೇಕು, ಆಗಲೇ ಅದಕ್ಕೊಂದು ಹೆಸರು. ಅಲ್ಲಿಯವರೆಗೆ ಕೂಸು ಬರೀ ಕೂಸು. ನಾನು ವಾಪಸು ಬರುವುದರೊಳಗೆ ಅದೊಂದು ಆಗಲೇಬೇಕೆಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ.

ಮಗಳ ಮನೆ ಎಂದರೆ ಒಂದೇ ಕೋಣೆ. ಪಕ್ಕದ ಕೋಣೆಯಲ್ಲಿ ಕಡಪದ ಕಡೆಯ ನಾಲ್ವರು ಹೆಂಗಸರು, ಆಸ್ಪತ್ರೆ ಸ್ವಚ್ಛ ಮಾಡುವ ಕೆಲಸದವರು. ಅಡುಗೆಮನೆ ಎಲ್ಲರಿಗೂ ಒಂದೇ. ನಾನು ಕೂಸನ್ನು ಎತ್ತಿಕೊಂಡು, ಅತ್ತು, ನಕ್ಕು, ಮತ್ತೆ ಅತ್ತು, ಆಮೇಲೆ ಹಗ್ಗ ತೆಗೆದು ತಲೆ ಎತ್ತಿ ನೋಡಿದೆ. ಮೇಲೆ ಬೆಳ್ಳಗೆ, ನುಣ್ಣಗೆ. ಜಂತಿ ಇಲ್ಲ, ಕೊಂಡಿ ಇಲ್ಲ, ಒಂದು ಫ್ಯಾನೂ ಇಲ್ಲ.

“ತೊಟ್ಲಾ ಕಟ್ಟಾಕ ಕೊಂಡಿ ಎಲ್ಲೈತ್ಲೇ?” ಎಂದೆ ಮಗಳಿಗೆ.

“ಇಲ್ಲಿ ಯಾರ ಮನ್ಯಾಗೂ ಇರಂಗಿಲ್ಲವ್ವ.”

“ಹಂಗಾರ ಇಲ್ಲಿ ಯಾರಿಗೂ ಕೂಸು ಹುಟ್ಟಂಗಿಲ್ಲೇನು?”

ಅಳಿಯಂದಿರು ನಗುತ್ತ ಕುರ್ಚಿ ಹತ್ತಿ, ಮೇಲೆ ಬೆರಳಿನಿಂದ ಬಡಿದು ತೋರಿಸಿದರು. ಟೊಳ್ಳು ಸದ್ದು ಬಂತು. “ಅತ್ತಿ, ಇದು ಸುಳ್ಳು ಮಾಳಿಗಿ. ಬರೇ ಹಲಗಿ. ಇದರ ಮ್ಯಾಲೆ ನಮ್ಮ ಎ.ಸಿ. ಪೈಪ್ ಅದಾವ. ಒಂದು ತೂತು ಹೊಡದ್ರ ಮಾಲಕ ಅಡ್ವಾನ್ಸ್ ನುಂಗ್ತಾನ.”

ಮಾಳಿಗೆಯೂ ಸುಳ್ಳಾಗಿರುತ್ತದೆ ಎಂದು ನನಗೇನು ಗೊತ್ತು!

ರಜೆಯ ದಿನ ಅಳಿಯಂದಿರು ನನಗೆ ಊರು ತೋರಿಸಲು ಹೊರಟರು. “ಇಲ್ಲಿ ನೋಡಾದೊಂದೇ ಪುಕ್ಕಟ್ಟಿ ಅತ್ತಿ, ಹೊಟ್ಟಿ ತುಂಬ ನೋಡ್ರಿ” ಎಂದರು. ಮೊದಲು ಒಂದು ಗಾಜಿನ ಕೋಣೆಗೆ ಕರೆದೊಯ್ದರು. ಒಳಗೆ ತಂಪು, ಕೂರಲು ಬೆಂಚು. ಯಾರ ಮನೆಯೋ ಎಂದು ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಕೂತು ರೊಟ್ಟಿ ಗಂಟು ಬಿಚ್ಚಿದೆ.

“ಅತ್ತೀ, ಕಟ್ರಿ ಕಟ್ರಿ! ಇದು ಬಸ್‌ಸ್ಟಾಪು! ಇಲ್ಲಿ ತಿಂದ್ರ ದಂಡ ಹಾಕ್ತಾರ!”

ಅಷ್ಟರಲ್ಲಿ ಬಸ್ಸು ಬಂತು. ಚಪ್ಪಲಿ ಹೊರಗೆ, ಗಂಟು ಕೈಯಲ್ಲಿ. ಕುರುಗೋಡಿನಲ್ಲಿ ಬಳ್ಳಾರಿ ಬಸ್ಸಿಗೆ ಬಿಸಿಲಲ್ಲಿ ನಿಂತು ನಿಂತು ಸಾಕಾದವಳು ನಾನು, ಬಸ್ಸಿಗೆ ಕಾಯುವವರಿಗೂ ಮನೆ ಕಟ್ಟಿರುತ್ತಾರೆಂದು ಹೇಗೆ ಊಹಿಸಲಿ?

ಆಮೇಲೆ ದೊಡ್ಡ ಮಾಲ್. ಎಲ್ಲರೂ ಅಂಗಡಿ ನೋಡುತ್ತಿದ್ದರು, ನಾನು ಮೇಲೆ ನೋಡುತ್ತಿದ್ದೆ. ನಮ್ಮ ಮನೆಯಷ್ಟು ದಪ್ಪದ ದೀಪದ ಗೊಂಚಲು ತೂಗಾಡುತ್ತಿತ್ತು. ಅಷ್ಟು ಭಾರ ಹೊರುವ ಕೊಂಡಿ ಅಲ್ಲಿತ್ತು, ಅಂಗೈಯಷ್ಟು ಕೂಸಿಗೆ ಎಲ್ಲೂ ಇಲ್ಲ. ಒಂದು ಅಂಗಡಿಯಲ್ಲಿ ನಾಲ್ಕು ಕಾಲಿನ ತೊಟ್ಟಿಲೊಂದು ತಾನೇ ತೂಗಿಕೊಳ್ಳುತ್ತಿತ್ತು, ಒಳಗೆ ಬ್ಯಾಟರಿ ಇದೆಯಂತೆ. ಅಳಿಯಂದಿರು ಅದರ ಬೆಲೆಚೀಟಿ ನೋಡಿ ಮೆಲ್ಲಗೆ ಮಗುಚಿಟ್ಟರು.

“ಬ್ಯಾಡ ನಡೀರಿ,” ಎಂದೆ. “ಅದೇ ತೂಗಿಕೊಂಡ್ರ ನಾನ್ಯಾಕ ಬಂದೆ?”

ಮರುದಿನ ಅಡುಗೆಮನೆಯಲ್ಲೂ ನಾನು ಮೇಲೆಯೇ ನೋಡುತ್ತಿದ್ದೆನೇನೋ. ಕಡಪದವರಲ್ಲಿ ಹಿರಿಯಾಕೆ ಅನ್ನ ಬಸಿಯುತ್ತ, “ಏಂದಮ್ಮಾ, ಪೈನ ಏಮಿ ಚೂಸ್ತುನ್ನಾವು?” ಎಂದಳು, ಮೇಲೆ ಏನು ನೋಡುತ್ತಿದ್ದೀಯ ಎಂದು. ನಮ್ಮ ಕಡೆ ತೆಲುಗು ಯಾರಿಗೆ ಬರುವುದಿಲ್ಲ! ಎಲ್ಲವನ್ನೂ ತೆಲುಗಿನಲ್ಲೇ ಹೇಳಿಕೊಂಡೆ. ಆಕೆ ಕೈ ಒರೆಸಿಕೊಂಡು ನನ್ನನ್ನು ತಮ್ಮ ಕೋಣೆಗೆ ಎಳೆದೊಯ್ದಳು. ಎದುರುಬದುರು ಎರಡು ಕಬ್ಬಿಣದ ಮಂಚ, ಒಂದರ ಮೇಲೊಂದು ಹಾಸಿಗೆ ಇರುವಂಥವು. ಮೇಲಿನ ಕಂಬಿ ಹಿಡಿದು ಅಲ್ಲಾಡಿಸಿ ನೋಡೆಂದಳು. ಮಂಚ ಜಪ್ಪಯ್ಯ ಎನ್ನಲಿಲ್ಲ.

ಆ ಕಂಬಿಯಿಂದ ಈ ಕಂಬಿಗೆ ಹಗ್ಗ ಬಿಗಿದು, ಸೀರೆ ಕಟ್ಟಿದೆ. ಇನ್ನು ಯಾರೇ ಆ ಕೋಣೆ ದಾಟಬೇಕೆಂದರೂ ತೊಟ್ಟಿಲ ಕೆಳಗೆ ಬಗ್ಗಬೇಕು. ನಾಲ್ವರೂ ಡ್ಯೂಟಿಯಿಂದ ಬಂದ ಸಂಜೆ ತಲೆ ಬಾಚಿ ಹೂ ಮುಡಿದರು, ಹೂ ಎಲ್ಲಿಂದ ತಂದರೋ. ಅವರೊಂದಿಗೆ ನಾನೂ ಸೇರಿ ಐದು ಜನ ಮುತ್ತೈದೆಯರು. ಕೂಸನ್ನು ತೊಟ್ಟಿಲ ಕೆಳಗಿಂದ ದಾಟಿಸಿ, ಮೇಲಿಂದ ಇಳಿಸಿ, ಮಲಗಿಸಿದೆವು.

ಸೋದರತ್ತೆ, ಅಂದರೆ ಅಳಿಯಂದಿರ ಅಕ್ಕ, ಸಿರುಗುಪ್ಪದಲ್ಲಿ. ಫೋನಿನಲ್ಲಿ ಅವರ ಮುಖ ಬಂತು. ಫೋನನ್ನು ಕೂಸಿನ ಕಿವಿಗೆ ಹಿಡಿದೆವು. ಅವರು ಹೆಸರಿನ ಮೊದಲರ್ಧ ಕೂಗಿದರು, ಅಷ್ಟಕ್ಕೇ ಮುಖ ಬಾಯಿ ತೆರೆದ ಹಾಗೇ ನಿಂತುಹೋಯಿತು. ಉಳಿದರ್ಧ ಎಲ್ಲೋ ಸಮುದ್ರದ ಮೇಲೆ ಸಿಕ್ಕಿಕೊಂಡಿತು. ಅರ್ಧ ಹೆಸರಿನ ಕೂಸನ್ನು ಎತ್ತುವುದೋ, ಬಿಡುವುದೋ?

ಕಡಪದ ಹಿರಿಯಾಕೆ ತಡಮಾಡಲಿಲ್ಲ. “ನೇನೇ ಮೇನತ್ತ,” ನಾನೇ ಸೋದರತ್ತೆ ಎಂದು ಬಗ್ಗಿ, ಕೂಸಿನ ಕಿವಿಯಲ್ಲಿ ಪೂರ್ತಿ ಹೆಸರು ಕೂಗಿಬಿಟ್ಟಳು. ಕೂಸು ಬೆಚ್ಚಿ ಕಣ್ಣು ಬಿಟ್ಟಿತು. ಅದೇ ಹೊತ್ತಿಗೆ ಫೋನಿಗೆ ಜೀವ ಬಂತು.

“ಯಾರದು ಕೂಗಿದ್ದು?” ಸಿರುಗುಪ್ಪದಿಂದ ಸೋದರತ್ತೆಯ ದನಿ.

ಇದ್ದದ್ದನ್ನೇ ಹೇಳಿದೆ. “ಅರ್ಧ ನೀವು ಕೂಗಿದ್ರಿ, ಪೂರಾ ಇಲ್ಲಿಯಾಕಿ ಕೂಗಿದ್ಲು.”

“ಹಂಗಾರ ಕೂಸಿನ ಸೋದರತ್ತಿ ಯಾರು?”

“ಇಬ್ರೂ ಅಂತ ತಿಳಕೊಳ್ರಿ.”

ಫೋನು ಮತ್ತೆ ನಿಂತಿತೇನೋ ಎಂದುಕೊಂಡೆ. ನಿಂತಿರಲಿಲ್ಲ, ಅವರು ಯೋಚಿಸುತ್ತಿದ್ದರು. “ಆಕಿಗೆ ಹೇಳ್ರಿ, ಇದರ ಮದುವಿ ಖರ್ಚಿನ್ಯಾಗ ಅರ್ಧ ಆಕೀದು!”

ಅದನ್ನು ತೆಲುಗಿನಲ್ಲಿ ಹೇಳಿದೆ. “ಸರೇ” ಎಂದಳು ಆಕೆ, ಮಂಚದ ತುದಿಗೆ ಕೂತು ಕಾಲ್ಬೆರಳಿನಿಂದ ಹಗ್ಗ ಜಗ್ಗುತ್ತ.