ನಲವತ್ತೆಂಟು ಗಂಟೆಯ ಸಿನಿಮಾ

ನಮ್ಮ ಅಕ್ಕನಿಗೆ ಸಿನಿಮಾ ಎಂದರೆ ಪ್ರಾಣ. ನಾನು ಶಾಲೆಗೆ ಹೋಗುವಾಗ, ತಾನು ಬೀಡಿ ಕಟ್ಟಿ ಉಳಿಸಿದ ದುಡ್ಡಿನಲ್ಲಿ ನನ್ನನ್ನು ತೆಕ್ಕಟ್ಟೆಯಿಂದ ಬಸ್ಸು ಹತ್ತಿಸಿ ಕುಂದಾಪುರದ ಟಾಕೀಸಿಗೆ ಕರೆದೊಯ್ಯುತ್ತಿದ್ದವಳು ಅವಳೇ. ಈಗ ಅವಳ ಕಿಡ್ನಿ ಕೆಟ್ಟಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್.

ಕಳೆದ ವರ್ಷ ಅವಳು ಕಾದಿದ್ದ ಸಿನಿಮಾವೊಂದು ಬಿಡುಗಡೆಯಾಯಿತು. "ಥೇಟ್ರಂಗೆ ಮೂರ್ ಗಂಟಿ ಕೂಕಂಬುಕೆ ನಂಗೆ ಆತಿಲ್ಲೆ ಮಾರಾಯ," ಎಂದಳು. ಕೆಲವೇ ವಾರಗಳಲ್ಲಿ ಅದು ಒಟಿಟಿಗೆ ಬಂದು ಮನೆಯ ಟಿವಿಯಲ್ಲೂ ನೋಡಲು ಸಿಕ್ಕಿತು. ತಿಂಗಳ ಚಂದಾ ಸಾಲದು, ಬೇರೆಯೇ ದುಡ್ಡು ಕೊಡಬೇಕು ಎಂದಿತ್ತು. ಕೊಟ್ಟೆ. ಒಮ್ಮೆ ಶುರು ಮಾಡಿದರೆ ನಲವತ್ತೆಂಟು ಗಂಟೆಯೊಳಗೆ ನೋಡಿ ಮುಗಿಸಬೇಕಿತ್ತು.

ಭಾನುವಾರ ಸಂಜೆ ಅಕ್ಕನ ಬೆನ್ನಿಗೆ ದಿಂಬು ಕೊಟ್ಟು ಟಿವಿಯ ಮುಂದೆ ಕೂರಿಸಿದೆ. ಅರ್ಧ ಗಂಟೆಯಲ್ಲೇ ಅವಳಿಗೆ ನಿದ್ದೆ ಬಂತು, ನಿಲ್ಲಿಸಿದೆ. ಸೋಮವಾರ ಡಯಾಲಿಸಿಸ್ ಮುಗಿಸಿ ಬಂದವಳಿಗೆ ತಲೆ ಎತ್ತಲೂ ಆಗಲಿಲ್ಲ. ಮಂಗಳವಾರ ಮಧ್ಯಾಹ್ನ ಮತ್ತೆ ಹಾಕಿದೆ. ನಾಯಕಿ ಮನೆ ಬಿಟ್ಟು ಹೊರಡುವ ಹೊತ್ತಿಗೆ ಅಕ್ಕನ ಕತ್ತು ವಾಲಿತು. ಎಬ್ಬಿಸಲು ಮನಸ್ಸಾಗಲಿಲ್ಲ, ಅವಳನ್ನು ಬಿಟ್ಟು ಮುಂದೆ ನೋಡಲೂ ಮನಸ್ಸಾಗಲಿಲ್ಲ. ಸಂಜೆ ಅವಳು ಕಣ್ಣು ಬಿಡುವಷ್ಟರಲ್ಲಿ ಅವಧಿ ಮುಗಿದಿತ್ತು. ಮತ್ತೆ ದುಡ್ಡು ಕಟ್ಟಬಹುದಿತ್ತು. ಅವಳನ್ನು ಎಚ್ಚರವಾಗಿಡುವುದು ಮಾತ್ರ ನನ್ನ ಕೈಯಲ್ಲಿರಲಿಲ್ಲ.

"ಮುಗಿತಾ?" ಎಂದಳು.

"ಹ್ಞೂಂ, ಅಕ್ಕ."

"ಆ ಹೆಣ್ಣ್ ಕಡಿಕೆ ಮನಿಗ್ ಬಂತಾ?"

ನನಗೇ ಗೊತ್ತಿರಲಿಲ್ಲ. "ಬಂತ್," ಎಂದೆ.

"ಒಳ್ಳೇದಾಯ್ತ್," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆ ಸಿನಿಮಾದ ಉಳಿದ ಭಾಗವನ್ನು ನಾನು ಇವತ್ತಿಗೂ ನೋಡಿಲ್ಲ.