ಸಮುದ್ರ ಗುಡಿಸಿದ ಅಕ್ಕ

ಬೆಳಗಿನ ಐದು ಗಂಟೆ. ಬಸ್ ಡಿಪೋದ ಗೇಟಿನಲ್ಲಿ ಕಾವಲುಗಾರ ಇನ್ನೂ ಆಕಳಿಸುತ್ತಿದ್ದಾನೆ. ಸಮುದ್ರದೂರಿನಿಂದ ಈಗಷ್ಟೇ ಬಂದ ಬಸ್ಸನ್ನು, ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಮೊರ ಹಿಡಿದ ಹೆಂಗಸೊಬ್ಬರು ಹತ್ತುತ್ತಾರೆ. ಹಿಂದಿನ ಸೀಟಿನಿಂದ ಶುರು. ನಾಲ್ಕು ಸಾಲು ದಾಟುವಷ್ಟರಲ್ಲಿ ಬಗ್ಗಿದಲ್ಲಿಂದಲೇ ವರದಿ ಒಪ್ಪಿಸುತ್ತಾರೆ.

"ಇಲ್ಲಿ ಹೊಸದಾಗಿ ಮದುವೆ ಆದೋರು ಕೂತಿದ್ರು. ಇಬ್ಬರ ಕಾಲಿನ ಮರಳೂ ಕಿಟಕಿ ಕಡೆಗೇ ಗುಡ್ಡೆಯಾಗಿದೆ ನೋಡಿ. ಹಿಂದಿನ ಸೀಟಿನೋರಿಗೆ ಮದುವೆಯಾಗಿ ಇಪ್ಪತ್ತು ವರ್ಷವಾದ್ರೂ ಆಗಿರ್ಬೇಕು. ಆ ತುದಿಗಷ್ಟು, ಈ ತುದಿಗಷ್ಟು. ನಡುವೆ ಬ್ಯಾಗ್ ಇಟ್ಕೊಂಡಿದ್ರು."

ಇವರಿಗೊಂದು ಹೆಸರಿದೆ, ಆದರೆ ಅದು ಹಾಜರಿ ಪುಸ್ತಕ ಬಿಟ್ಟು ಆಚೆ ಬಂದದ್ದೇ ಇಲ್ಲ. ಡ್ರೈವರನಿಂದ ಮ್ಯಾನೇಜರರವರೆಗೆ ಎಲ್ಲರಿಗೂ ಇವರು ಡಿಪೋ ಅಕ್ಕ. ಮೂವತ್ತೊಂದು ವರ್ಷದಿಂದ ದಿನಕ್ಕೆ ಹದಿನಾಲ್ಕು ಬಸ್ಸು ಗುಡಿಸುತ್ತಿದ್ದಾರೆ. ಬಸ್ಸಿಗೆ ಐವತ್ತೆರಡು ಸೀಟು. ಕೆಂಪು ಧೂಳಿದ್ದರೆ ಗುಡ್ಡದ ಕಡೆಯದು, ಹುಲ್ಲಿನ ಚೂರಿದ್ದರೆ ದನದ ಸಂತೆಯ ಕಡೆಯದು ಎಂದು ಬೋರ್ಡು ನೋಡದೆಯೇ ಹೇಳುತ್ತಾರೆ. ಮನೆ ಡಿಪೋದ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ನಡೆದರೆ ನಾಲ್ಕು ನಿಮಿಷ, ಪಕ್ಕದ ಮನೆಯವರು ಮಾತಿಗೆ ಸಿಕ್ಕರೆ ನಲವತ್ತು. ಇಷ್ಟೆಲ್ಲ ಆಗಿಯೂ ಅಕ್ಕ ಇಲ್ಲಿಗೆ ಸೇರಿದ ಮೇಲೆ ಬಸ್ಸಿನಲ್ಲಿ ಕೂತು ಈ ಗೇಟು ದಾಟಿದವರಲ್ಲ.

ಅವಕಾಶವಿರಲಿಲ್ಲ ಎನ್ನುವ ಹಾಗಿಲ್ಲ. ನೌಕರರಿಗೆ ವರ್ಷಕ್ಕೊಮ್ಮೆ, ಜೋಡಿಯಾಗಿ ಎಲ್ಲಿಗಾದರೂ ಹೋಗಿಬರಲು ಪುಕ್ಕಟೆ ಪಾಸು ಸಿಗುತ್ತದೆ. ಅಂಥ ಮೂವತ್ತು ಪಾಸುಗಳು ಅಕ್ಕನ ಟ್ರಂಕಿನಲ್ಲಿ ಮಡಿಕೆ ಬಿಚ್ಚದೆ ಮಲಗಿವೆ. ಇದನ್ನು ನೆನೆದಾಗಲೆಲ್ಲ ಅಕ್ಕನ ಯಜಮಾನರ ಹೊಟ್ಟೆ ಉರಿಯುತ್ತದೆ. ಅವರು ಡಿಪೋದ ಗೇಟಿನಾಚೆ ಹೊಲಿಗೆ ಮಿಷನ್ನು ಇಟ್ಟುಕೊಂಡು, ಊರಿಗೆ ಹೊರಟವರ ಚೀಲಗಳಿಗೆ ಜಿಪ್ಪು ಹಾಕುವ ದರ್ಜಿ. ಅಕ್ಕ ಗುಡಿಸಿದ ಸಮುದ್ರದ ಮರಳನ್ನು ಒಂದು ಬಾಟಲಿಯಲ್ಲಿ ತುಂಬಿ ಮಿಷನ್ನಿನ ಮೇಲಿಟ್ಟು ದಿನವಿಡೀ ನೋಡುತ್ತಾರೆ.

"ದೇಶ ಸುತ್ತಬೇಕು, ಕೋಶ ಓದಬೇಕು ಅಂತಾರೆ," ಎನ್ನುತ್ತಾರೆ ದರ್ಜಿ. "ನಂಗೆ ಓದಂತೂ ಹತ್ತಲಿಲ್ಲ. ಸುತ್ತೋದಾದ್ರೂ ಬೇಡ್ವಾ?"

ಅಕ್ಕನ ಉತ್ತರ ಸಿದ್ಧವಾಗಿರುತ್ತದೆ. "ದೇಶಾನೇ ದಿನಾ ಬಂದು ನನ್ನ ಪೊರಕೆ ಕೆಳಗೆ ಬೀಳುತ್ತೆ. ಹೋಗೋರ ಮುಖ, ಬರೋರ ಮುಖ ಎರಡೂ ನೋಡಿದೀನಿ. ಹೋಗೋವಾಗ ಇಸ್ತ್ರಿ ಹಾಕಿದ ಬಟ್ಟೆ, ಬರೋವಾಗ ಹಿಂಡಿದ ಬಟ್ಟೆ. ದೂರದ ಬೆಟ್ಟ ನುಣ್ಣಗೆ ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ?"

ಆದರೆ ಈ ತಿಂಗಳ ಕೊನೆಗೆ ಅಕ್ಕನಿಗೆ ನಿವೃತ್ತಿ. ಅದರೊಂದಿಗೆ ಮೂವತ್ತೊಂದನೆಯ ಪಾಸೂ ಮುಗಿಯುತ್ತದೆ. ಯಜಮಾನರು ಊಟ ಬಿಡುವ ಬೆದರಿಕೆ ಹಾಕಿದರು, ಒಂದು ಹೊತ್ತು ಬಿಟ್ಟೂ ಬಿಟ್ಟರು. ಕೊನೆಗೆ ಅಕ್ಕ ಹೂಂ ಅಂದರು.

ಕಳೆದ ವಾರದ ಮಾತು. ದರ್ಜಿ ನಾಲ್ಕು ಜಿಪ್ಪಿನ ಹೊಸ ಬ್ಯಾಗು ಹೊಲಿದರು, ಮೂರು ಜಿಪ್ಪಿನೊಳಗೆ ಹಾಕಲು ಸಾಮಾನೇ ಇರಲಿಲ್ಲ. ರಜೆಯಿದ್ದರೂ ಅಕ್ಕ ಐದಕ್ಕೇ ಬಂದು, ತಾವು ಹೊರಡಬೇಕಿದ್ದ ಸಮುದ್ರದೂರಿನ ಬಸ್ಸು ಗುಡಿಸಿದರು. ಆರೂವರೆಗೆ ದರ್ಜಿ ಕಿಟಕಿ ಪಕ್ಕ, ಅಕ್ಕ ಈಚೆ ತುದಿಗೆ, ನಡುವೆ ಬ್ಯಾಗು. ಡ್ರೈವರ್ ಕೀಲಿ ತಿರುಗಿಸಿದ. ಎಂಜಿನ್ ಗುರ್ ಎಂದಿತು. ಅಕ್ಕ ಎದ್ದು, ಸೀಟನ್ನು ಕೈಯಲ್ಲೇ ಒಮ್ಮೆ ಕೊಡವಿ, ಬಸ್ಸಿನಿಂದ ಇಳಿದುಬಿಟ್ಟರು. ಬಸ್ಸು ಹೋಯಿತು. ಅಕ್ಕ ಮುಂದಿನ ಬಸ್ಸಿನ ಕಡೆ ಹತ್ತು ಹೆಜ್ಜೆ ಹಾಕಿದ ಮೇಲೆ, ತಾನು ಹೊಸ ಚಪ್ಪಲಿ ಯಾಕೆ ಮೆಟ್ಟಿದ್ದೇನೆ ಎಂದು ಯೋಚಿಸಿದರು.

"ಎಂಜಿನ್ ಶುರುವಾದ್ರೆ ಇಳೀಬೇಕು ಅಂತ ಮೊದಲನೇ ದಿನಾನೇ ಹೇಳಿಕೊಟ್ಟಿದ್ರು. ಇವತ್ತು ರಜಾ ಅಂತ ಕಾಲಿಗೇನು ಗೊತ್ತು?" ಎಂದು ಅಕ್ಕ ಕೇಳುತ್ತಾರೆ.

ಅತ್ತ ದರ್ಜಿ ಕಿಟಕಿಗೆ ಮೂಗು ಒತ್ತಿ, ಸೇತುವೆ ನೋಡೇ, ಮರ ನೋಡೇ ಎಂದು ಮುಕ್ಕಾಲು ಗಂಟೆ ಬ್ಯಾಗಿನೊಂದಿಗೆ ಮಾತಾಡಿದ್ದರು. ಮರುದಿನ ಬೆಳಗಿನ ಐದಕ್ಕೆ ಅಕ್ಕ ಅದೇ ಬಸ್ಸು ಹತ್ತಿದಾಗ ಯಜಮಾನರು ಅದೇ ಸೀಟಿನಲ್ಲಿ ಮುದುಡಿ ಕೂತಿದ್ದರು, ಕೆಳಗೆ ಕಡಲೆಕಾಯಿ ಸಿಪ್ಪೆ. ಅಕ್ಕ ಮೊದಲು ಬೈದದ್ದು ಸಿಪ್ಪೆಗೆ. ಆಮೇಲೆ, ಸಮುದ್ರ ಹೇಗಿತ್ತು ಎಂದು ಕೇಳಿದರು.

"ನೋಡ್ಲಿಲ್ಲ," ಎಂದರು ದರ್ಜಿ. "ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೇ ಕೂತಿದ್ದು ಬಂದೆ. ಸದ್ದು ಕೇಳಿಸ್ತಿತ್ತು. ಮೂವತ್ತು ವರ್ಷ ಕಾದಿದ್ದು ಒಬ್ಬನೇ ನೋಡೋದಕ್ಕಾ?"

ಅಕ್ಕ ಪೊರಕೆ ಹಿಡಿದು ನಿಂತಲ್ಲೇ ಅತ್ತರು. ಅವರ ಕೈಕೆಳಗೆ ಒಂದು ಬಸ್ಸು ಗುಡಿಸದೆ ಹೊರಟದ್ದು ಅದೊಂದೇ ದಿನ. ಇಬ್ಬರ ಪಾಸಿನಲ್ಲಿ ಒಬ್ಬರೇ ಹೋದದ್ದು ಪ್ರಯಾಣವೇ ಅಲ್ಲ ಎಂದು ಮ್ಯಾನೇಜರು ನಗು ನುಂಗಿಕೊಂಡು ತೀರ್ಪು ಕೊಟ್ಟರು. ಉಪಾಯ ಮಾಡಿದ್ದು ಡ್ರೈವರ್. "ಅಕ್ಕಾ, ಎಂಜಿನ್ ಶುರುವಾದ್ರೆ ತಾನೆ ನೀವು ಇಳಿಯೋದು? ನಾನು ಶುರು ಮಾಡಿದ ಮೇಲೇ ಹತ್ತಿ." ನಿನ್ನೆ ಹಾಗೇ ಆಯಿತು. ದಾರಿಯುದ್ದಕ್ಕೂ, ಪ್ರಯಾಣಿಕರು ಟೀ ಕುಡಿಯಲು ಇಳಿದಾಗಲೂ ಅವನು ಎಂಜಿನ್ ಆರಿಸಲಿಲ್ಲ. ಈ ಸಲ ಕಿಟಕಿ ಪಕ್ಕ ಅಕ್ಕ ಕೂತರು, ಈಚೆ ದರ್ಜಿ ಕಾಲು ಅಡ್ಡ ಇಟ್ಟುಕೊಂಡರು. ಬ್ಯಾಗು ಮೇಲಿನ ಹಲಗೆ ಸೇರಿತು.

ಇಂದು ತಿಂಗಳ ಕೊನೆ, ಡಿಪೋದಲ್ಲಿ ಅಕ್ಕನ ಕೊನೆಯ ದಿನ. ಬೆಳಗಿನ ಐದಕ್ಕೆ ಬಂದು ನಿಂತ ಬಸ್ಸಿನಿಂದ ಎಲ್ಲರೂ ಇಳಿದರೂ ಅಕ್ಕ ಇಳಿಯುವುದಿಲ್ಲ. ಕಿಟಕಿಯಿಂದಲೇ ಕಾವಲುಗಾರನನ್ನು ಕೂಗಿ ಪೊರಕೆ, ಮೊರ ತರಿಸಿಕೊಳ್ಳುತ್ತಾರೆ. ಹೇಗಿತ್ತು ಸಮುದ್ರ ಎಂದು ಡಿಪೋಗೆ ಡಿಪೋ ಬಸ್ಸಿನ ಬಾಗಿಲಲ್ಲಿ ನೆರೆದಿದೆ.

"ಇವಳು ನೀರು ನೋಡಿದ್ದೇ ಆಮೇಲೆ," ಎಂದು ದರ್ಜಿ ದೂರುತ್ತಾರೆ. "ಮರಳು ನೋಡಿ ಕಂಬದ ಹಾಗೆ ನಿಂತುಬಿಟ್ಟಳು."

"ಇನ್ನೇನು ಮಾಡ್ಲಿ?" ಅಕ್ಕನಿಗೆ ಈಗಲೂ ಅಚ್ಚರಿ ಆರಿಲ್ಲ. "ಮೂವತ್ತೊಂದು ವರ್ಷ ದಿನಾ ಮೊರದ ತುಂಬಾ ತೆಗೆದು ಹಾಕಿದೀನಿ. ಅರ್ಧ ದಂಡೆ ನಾನೇ ಖಾಲಿ ಮಾಡಿರ್ತೀನಿ ಅಂದ್ಕೊಂಡಿದ್ದೆ. ಹೋಗಿ ನೋಡ್ತೀನಿ, ಎಲ್ಲಾ ಹಾಗೇ ಇದೆ! ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ನಮ್ಮ ಡಿಪೋ ಗೇಟು ಕಂಡಾಗ ಆದಷ್ಟು ಖುಷಿ ಅಲ್ಲಿ ಆಗ್ಲಿಲ್ಲಪ್ಪ."

ಅಕ್ಕ ಹಿಂದಿನ ಸೀಟಿನಿಂದ ಗುಡಿಸುತ್ತ ಬರುತ್ತಾರೆ. ತಾವು ಕೂತಿದ್ದ ಸೀಟಿನ ಹತ್ತಿರ ಕೈ ನಿಲ್ಲುತ್ತದೆ. ಪಕ್ಕದಲ್ಲಿದ್ದ ಡ್ರೈವರ್ ಬಗ್ಗಿ ನೋಡುತ್ತಾನೆ. ಈಚೆ ತುದಿಯಲ್ಲಿ ಒಂದು ಹರಳೂ ಇಲ್ಲ, ನಾಲ್ಕು ಕಾಲಿನ ಮರಳೂ ಕಿಟಕಿ ಕಡೆಗೇ ಗುಡ್ಡೆಯಾಗಿದೆ.

"ಅಕ್ಕಾ, ಇಲ್ಲಿ ಯಾರು ಕೂತಿದ್ರು?"

"ಕಸದಲ್ಲಿ ನೋಡೋದೇನಿದೆ, ಸರಿ ಆ ಕಡೆ," ಎಂದು ಅಕ್ಕ ಒಂದೇ ಏಟಿಗೆ ಅದನ್ನು ಮೊರಕ್ಕೆ ಎಳೆದುಕೊಳ್ಳುತ್ತಾರೆ.